ಅಮ್ಮನಿಗೂ ಮಗಳಿಗೂ ಮುಟ್ಟು ಏರುಪೇರು: ಹಾರ್ಮೋನ್ ರಿಪೋರ್ಟನ್ನು ಎಷ್ಟು ನಂಬಬಹುದು?

ಪ್ರಶ್ನೆ: ನನಗೆ 47 ವರ್ಷ. ಒಂದು ವರ್ಷದಿಂದ ಮುಟ್ಟು ಎರಡು, ಎರಡೂವರೆ ತಿಂಗಳಿಗೊಮ್ಮೆ ಆಗುತ್ತಿದೆ. ರಾತ್ರಿ ಮೈಯೆಲ್ಲ ಬಿಸಿಯೇರಿ ಬೆವರುತ್ತದೆ. ಎಫ್‌ಎಸ್‌ಎಚ್ ಟೆಸ್ಟ್ ಮಾಡಿಸಿದಾಗ 34 ಬಂತು. ಎರಡು ತಿಂಗಳು ಬಿಟ್ಟು ಬೇರೆ ಲ್ಯಾಬಿನಲ್ಲಿ ಮಾಡಿಸಿದರೆ 8. ಯಾವ ಲ್ಯಾಬು ತಪ್ಪು? ನನ್ನ 12 ವರ್ಷದ ಮಗಳು ಎಂಟು ತಿಂಗಳ ಹಿಂದೆ ದೊಡ್ಡವಳಾದಳು, ಅವಳಿಗೂ ಎರಡು ತಿಂಗಳಿಗೊಮ್ಮೆಯೇ ಆಗುತ್ತಿದೆ. ಇನ್ನು ನನ್ನ ತಮ್ಮನಿಗೆ 32, ಮಗು ಆಗಲಿ ಅಂತ ಕಾಯುತ್ತಿದ್ದಾರೆ. ಜಿಮ್‌ನಲ್ಲಿ ಯಾರೋ ಹೇಳಿದರು ಅಂತ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೋತಿದ್ದಾನೆ, ಅದರಿಂದ ಒಳ್ಳೆಯದೇ ಆಗುತ್ತೆ ಅನ್ನುತ್ತಾನೆ. ಈ ಹಾರ್ಮೋನುಗಳು ಹುಟ್ಟಿನಿಂದ ಕೊನೆಯವರೆಗೆ ಹೇಗೆ ಕೆಲಸ ಮಾಡುತ್ತವೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉತ್ತರ: ಎರಡು ಲ್ಯಾಬೂ ಸರಿಯೇ ಇರಬಹುದು. 34 ನಿಮ್ಮದೇ, 8 ಕೂಡ ನಿಮ್ಮದೇ. ನಿಮ್ಮ ವಯಸ್ಸಿನಲ್ಲಿ ಈ ಹಾರ್ಮೋನು ಒಂದು ತಿಂಗಳು ಏರಿ ಇನ್ನೊಂದು ತಿಂಗಳು ಇಳಿಯುವುದೇ ಮಾಮೂಲು. ಮಗಳ ವಿಷಯದಲ್ಲಿ ಸದ್ಯಕ್ಕೆ ಚಿಂತೆ ಬೇಡ. ತಮ್ಮನದು ಮಾತ್ರ ಅರ್ಜೆಂಟು. ಈ ಉತ್ತರ ಪೂರ್ತಿ ಓದುವ ಮೊದಲು ಬೇಕಾದರೆ ಅವರಿಗೊಂದು ಫೋನ್ ಮಾಡಿ, ಆ ಇಂಜೆಕ್ಷನ್ ವೀರ್ಯಾಣು ಹುಟ್ಟುವುದನ್ನೇ ನಿಲ್ಲಿಸುತ್ತದೆ ಅಂತ ಹೇಳಿ. ಮಗು ಬೇಕು ಅನ್ನುವ ಗಂಡಸು ತೆಗೆದುಕೊಳ್ಳಲೇಬಾರದ ಔಷಧಿ ಅದು.

ನಿಮ್ಮ ಮೂರೂ ಪ್ರಶ್ನೆಯ ಹಿಂದೆ ಒಂದೇ ತಪ್ಪು ತಿಳಿವಳಿಕೆ ಇದೆ, ಬಹಳ ಜನರಿಗೆ ಇರುವಂಥದ್ದೇ. ಹಾರ್ಮೋನು ಅಂದರೆ ಮೈಯಲ್ಲಿ ಇಷ್ಟು ಇರಬೇಕು, ಕಡಿಮೆ ಇದ್ದರೆ ತುಂಬಿಸಬೇಕು, ಜಾಸ್ತಿ ಇದ್ದರೆ ಇಳಿಸಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಕಬ್ಬಿಣದ ಅಂಶಕ್ಕೆ ಆ ಲೆಕ್ಕ ಸರಿ. ಸಂತಾನದ ಹಾರ್ಮೋನುಗಳಿಗೆ ಸರಿಹೋಗುವುದಿಲ್ಲ. ಇಲ್ಲಿ ಎಷ್ಟಿದೆ ಅನ್ನುವುದಕ್ಕಿಂತ ಯಾವಾಗ ಬಂತು, ಎಷ್ಟು ಹೊತ್ತಿಗೊಮ್ಮೆ ಬಂತು, ಯಾವ ಹಾರ್ಮೋನಿಗೆ ಉತ್ತರವಾಗಿ ಬಂತು ಅನ್ನುವುದು ಮುಖ್ಯ.

ಮೊದಲು ಮೇಲಿನಿಂದ ಶುರು ಮಾಡೋಣ. ಮೆದುಳಿನ ತಳದಲ್ಲಿ ಹೈಪೋಥಲಾಮಸ್ ಅಂತ ಒಂದು ಭಾಗ ಇದೆ. ಅಲ್ಲಿ ಒಂದೆರಡು ಸಾವಿರ ನರಕೋಶಗಳು, ಅಷ್ಟೇ, ಜಿಎನ್‌ಆರ್‌ಎಚ್ ಅನ್ನುವ ಹಾರ್ಮೋನನ್ನು ಬಿಡುತ್ತವೆ. ಅದು ಪಕ್ಕದಲ್ಲೇ ಇರುವ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿಗೆ ಹೋಗುತ್ತದೆ. ಪಿಟ್ಯುಟರಿ ಎರಡು ಹಾರ್ಮೋನು ಬಿಡುತ್ತದೆ: ಎಫ್‌ಎಸ್‌ಎಚ್ ಮತ್ತು ಎಲ್‌ಎಚ್. ಅವು ರಕ್ತದಲ್ಲಿ ಇಳಿದು ಹೆಣ್ಣಿನಲ್ಲಿ ಅಂಡಾಶಯವನ್ನು, ಗಂಡಿನಲ್ಲಿ ವೃಷಣವನ್ನು ಎಬ್ಬಿಸುತ್ತವೆ. ಅಲ್ಲಿಂದ ಈಸ್ಟ್ರೋಜನ್, ಪ್ರೊಜೆಸ್ಟೆರಾನ್, ಟೆಸ್ಟೋಸ್ಟೆರಾನ್ ಹೊರಡುತ್ತವೆ. ಅವು ವಾಪಸ್ ಮೆದುಳಿಗೆ ಹೋಗಿ 'ಸಾಕು' ಅನ್ನುತ್ತವೆ. ಮೇಲಿನ ಟ್ಯಾಂಕು ತುಂಬಿದ ಕೂಡಲೇ ಮೋಟಾರು ತಾನಾಗಿಯೇ ನಿಲ್ಲುತ್ತದಲ್ಲ, ಹಾಗೆ. ಗಂಡಿನಲ್ಲೂ ಹೆಣ್ಣಿನಲ್ಲೂ ಎಲ್‌ಎಚ್, ಎಫ್‌ಎಸ್‌ಎಚ್ ಒಂದೇ. ಅವು ಹೋಗಿ ತಲುಪುವ ಜಾಗ ಬೇರೆ, ಅಷ್ಟೇ.

ಈಗ ಅಸಲಿ ವಿಷಯ. ಜಿಎನ್‌ಆರ್‌ಎಚ್ ಒಂದೇ ಸಮನೆ ಹರಿಯುವುದಿಲ್ಲ. ಮಿಡಿತದ ಥರ, ಒಂದು ಗಂಟೆಗೋ ಒಂದೂವರೆ ಗಂಟೆಗೋ ಒಮ್ಮೆ ಒಂದಿಷ್ಟು ಬರುತ್ತದೆ, ಎರಡು ನಾಲ್ಕು ನಿಮಿಷದಲ್ಲಿ ಅದರ ಅರ್ಧ ಕರಗಿ ಹೋಗುತ್ತದೆ. 1970ರ ದಶಕದಲ್ಲಿ ಅರ್ನಸ್ಟ್ ನೋಬಿಲ್ ಅನ್ನುವ ವಿಜ್ಞಾನಿ ಮತ್ತು ಅವರ ತಂಡ ಕೋತಿಗಳಲ್ಲಿ ಇದನ್ನು ಪರೀಕ್ಷಿಸಿದರು. ಕೋತಿಯ ಸ್ವಂತ ಜಿಎನ್‌ಆರ್‌ಎಚ್ ನಿಲ್ಲಿಸಿ, ಹೊರಗಿನಿಂದ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಟ್ಟಾಗ ಎಲ್‌ಎಚ್, ಎಫ್‌ಎಸ್‌ಎಚ್ ಮತ್ತೆ ಬಂದವು. ಅದೇ ಹಾರ್ಮೋನನ್ನು ನಿಲ್ಲಿಸದೆ ಒಂದೇ ಸಮ ಕೊಟ್ಟಾಗ ಎರಡೂ ಕುಸಿದವು! ಮಿಡಿತ ಬೇಗ ಬೇಗ ಬಂದರೆ ಎಲ್‌ಎಚ್ ಕಡೆ ವಾಲುತ್ತದೆ, ನಿಧಾನವಾದರೆ ಎಫ್‌ಎಸ್‌ಎಚ್ ಕಡೆ. ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಇರುವ ಎಷ್ಟೋ ಹುಡುಗಿಯರಲ್ಲಿ ಈ ಮಿಡಿತ ಅವಸರದ್ದು, ಅದಕ್ಕೇ ಅವರಲ್ಲಿ ಎಲ್‌ಎಚ್ ಜಾಸ್ತಿ ಕಾಣುತ್ತದೆ, ಗಂಡು ಹಾರ್ಮೋನೂ ಏರುತ್ತದೆ. ಈ ಸೂತ್ರವನ್ನೇ ವೈದ್ಯರು ಔಷಧಿಗೂ ಬಳಸುತ್ತಾರೆ. ಎಂಟು ವರ್ಷ ತುಂಬುವ ಮೊದಲೇ ಎದೆ ಬೆಳೆಯಲು ಶುರುವಾದ ಮಗುವಿಗೆ, ಪ್ರಾಸ್ಟೇಟ್ ಕ್ಯಾನ್ಸರ್ ಇರುವ ಗಂಡಸಿಗೆ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆಯುವ ಕಾಯಿಲೆ) ಇರುವ ಹೆಂಗಸಿಗೆ ಲ್ಯೂಪ್ರೊಲೈಡ್ ಥರದ ಇಂಜೆಕ್ಷನ್ ಕೊಡುತ್ತಾರೆ. ಅದು ಜಿಎನ್‌ಆರ್‌ಎಚ್‌ನ ರೂಪವೇ. ಮೊದಲ ಕೆಲವು ದಿನ ಎಲ್‌ಎಚ್ ಏರುತ್ತದೆ, ಆಮೇಲೆ ಪಿಟ್ಯುಟರಿ ಕೇಳುವುದನ್ನೇ ಬಿಡುತ್ತದೆ. ಚಾಲೂ ಮಾಡುವ ಹಾರ್ಮೋನಿನಿಂದಲೇ ಬಂದ್ ಮಾಡುವುದು ಅಂದರೆ ಇದೇ.

ಆ ಜಿಎನ್‌ಆರ್‌ಎಚ್ ನರಕೋಶಗಳು ಹುಟ್ಟುವುದು ಮೆದುಳಿನಲ್ಲಿ ಅಲ್ಲ, ಭ್ರೂಣದ ಮೂಗಿನ ಜಾಗದಲ್ಲಿ. ಅಲ್ಲಿಂದ ವಾಸನೆಯ ನರಗಳ ಜೊತೆ ನಡೆದುಕೊಂಡು ಮೆದುಳಿಗೆ ಬರುತ್ತವೆ. ದಾರಿಯಲ್ಲೇ ನಿಂತುಬಿಟ್ಟರೆ? ಆ ಮಗುವಿಗೆ ಮುಂದೆ ಪ್ರಾಯವೂ ಬರುವುದಿಲ್ಲ, ವಾಸನೆಯೂ ಗೊತ್ತಾಗುವುದಿಲ್ಲ. ಕಾಲ್‌ಮನ್ ಸಿಂಡ್ರೋಮ್ ಅನ್ನುತ್ತಾರೆ. ಹದಿನಾರಾದರೂ ಮೀಸೆ ಚಿಗುರದ ಹುಡುಗನಿಗೆ ಡಾಕ್ಟರು 'ನಿನಗೆ ವಾಸನೆ ಗೊತ್ತಾಗುತ್ತಾ' ಅಂತ ಕೇಳಿದರೆ ನಗಬೇಡಿ, ಕಾರಣ ಇದೆ.

ಗರ್ಭದಲ್ಲಿ ಇನ್ನೂ ಏನೇನೋ ನಡೆದಿರುತ್ತದೆ. ಆರೇಳು ವಾರದವರೆಗೆ ಗಂಡು ಹೆಣ್ಣು ಎರಡೂ ಭ್ರೂಣ ನೋಡಲು ಒಂದೇ. ಇಬ್ಬರಲ್ಲೂ ಎರಡು ಜೋಡಿ ನಾಳ ಇರುತ್ತವೆ, ಒಂದು ಗಂಡಿನ ಅಂಗಕ್ಕೆ, ಇನ್ನೊಂದು ಗರ್ಭಕೋಶಕ್ಕೆ. ವೈ ಕ್ರೋಮೋಸೋಮಿನಲ್ಲಿ ಎಸ್‌ಆರ್‌ವೈ ಅನ್ನುವ ಜೀನ್ ಇದ್ದರೆ (ಇದು ಸಿಕ್ಕಿದ್ದು 1990ರಲ್ಲಿ) ವೃಷಣ ರೂಪುಗೊಳ್ಳುತ್ತದೆ. ವೃಷಣ ಎರಡು ಕೆಲಸ ಮಾಡುತ್ತದೆ. ಎಎಂಎಚ್ ಅನ್ನುವ ಹಾರ್ಮೋನು ಬಿಟ್ಟು ಗರ್ಭಕೋಶದ ನಾಳವನ್ನು ಕರಗಿಸುತ್ತದೆ, ಟೆಸ್ಟೋಸ್ಟೆರಾನ್ ಬಿಟ್ಟು ಗಂಡಿನ ನಾಳವನ್ನು ಉಳಿಸುತ್ತದೆ. ಆಲ್ಫ್ರೆಡ್ ಜೋಸ್ಟ್ 1940ರ ದಶಕದಲ್ಲಿ ಮೊಲದ ಭ್ರೂಣಗಳಿಂದ ವೃಷಣ ತೆಗೆದು ನೋಡಿದಾಗ, ಆ ಗಂಡು ಮೊಲಗಳಲ್ಲೂ ಹೆಣ್ಣಿನ ನಾಳಗಳೇ ಬೆಳೆದಿದ್ದವು. ಈ ಎಎಂಎಚ್ಚೇ ಇವತ್ತು ಬಂಜೆತನದ ಕ್ಲಿನಿಕ್ಕುಗಳಲ್ಲಿ ಹೆಂಗಸರಿಗೆ ಮಾಡಿಸುವ ಟೆಸ್ಟು. ಭ್ರೂಣದಲ್ಲಿ ಗಂಡಿನ ಕೆಲಸ, ದೊಡ್ಡವರಾದ ಮೇಲೆ ಹೆಣ್ಣಿನ ಅಂಡಾಶಯದಲ್ಲಿ ಮೊಟ್ಟೆಗಳ ದಾಸ್ತಾನು ಎಷ್ಟಿದೆ ಅಂತ ಅಂದಾಜು ಮಾಡಲು ಉಪಯೋಗ. ಹಾರ್ಮೋನು ಒಂದೇ, ಅರ್ಥ ಎರಡು.

ಹೆಣ್ಣು ಮಗುವಿನ ಮೊಟ್ಟೆಗಳ ಲೆಕ್ಕ ಮಾತ್ರ ಯಾರಿಗಾದರೂ ಆಶ್ಚರ್ಯ ತರುತ್ತದೆ. ಐದು ತಿಂಗಳ ಭ್ರೂಣದಲ್ಲಿ 60-70 ಲಕ್ಷ. ಹುಟ್ಟುವಾಗ 10-20 ಲಕ್ಷ. ಮುಟ್ಟು ಶುರುವಾಗುವಾಗ 3-4 ಲಕ್ಷ. ಅದರಲ್ಲಿ ಇಡೀ ಜೀವನದಲ್ಲಿ ಪಕ್ವವಾಗಿ ಹೊರಬರುವುದು ನಾಲ್ಕೈದು ನೂರು. ಉಳಿದದ್ದೆಲ್ಲ ಸುಮ್ನೆ ಕರಗಿ ಹೋಗುತ್ತವೆ. ಗರ್ಭನಿರೋಧಕ ಮಾತ್ರೆ ತಿಂದರೂ, ಬಸುರಿಯಾದರೂ, ಈ ಕರಗುವುದು ನಿಲ್ಲುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ನಿಮ್ಮ 34 ಮತ್ತು 8ಕ್ಕೆ ಉತ್ತರ ಇಲ್ಲೇ ಇದೆ.

ಹುಟ್ಟಿದ ಮೊದಲ ವಾರ ಕೆಲವು ಹೆಣ್ಣು ಮಕ್ಕಳಿಗೆ ಒಂದೆರಡು ಹನಿ ರಕ್ತ ಹೋಗುತ್ತದೆ, ಗಂಡಾಗಲಿ ಹೆಣ್ಣಾಗಲಿ ಕೆಲವು ಕೂಸುಗಳ ಎದೆ ಊದಿ ಹಾಲಿನಂಥ ದ್ರವ ಬರುತ್ತದೆ. ಮನೆಯವರು ಗಾಬರಿಯಾಗುತ್ತಾರೆ. ತಾಯಿಯಿಂದ ಬಂದಿದ್ದ ಹಾರ್ಮೋನು ಇಳಿಯುತ್ತಿದೆ ಅಷ್ಟೇ. ಎದೆ ಹಿಂಡಬೇಡಿ, ತಾನಾಗಿ ಇಳಿಯುತ್ತದೆ. ಆಮೇಲೆ ಮೊದಲ ಕೆಲವು ತಿಂಗಳು ಮಗುವಿನ ಸ್ವಂತ ಹಾರ್ಮೋನುಗಳೂ ಒಮ್ಮೆ ಎದ್ದು ನಿಲ್ಲುತ್ತವೆ. ಇದಕ್ಕೆ ಮಿನಿ ಪ್ಯೂಬರ್ಟಿ ಅನ್ನುತ್ತಾರೆ. ಒಂದರಿಂದ ಮೂರು ತಿಂಗಳ ಗಂಡು ಕೂಸಿನ ಟೆಸ್ಟೋಸ್ಟೆರಾನ್ ಚೆನ್ನಾಗಿ ಏರಿ, ಆರು ತಿಂಗಳ ಹೊತ್ತಿಗೆ ಇಳಿದುಬಿಡುತ್ತದೆ.

ಆಮೇಲೆ ವರ್ಷಗಟ್ಟಲೆ ಮೌನ. ಬಹಳ ಜನ ಅಂದುಕೊಳ್ಳುವುದು ಅಂಡಾಶಯ ಇನ್ನೂ ಬೆಳೆದಿಲ್ಲ, ಅದಕ್ಕೇ ಅಂತ. ಅಲ್ಲ. ತಡೆ ಹಿಡಿದಿರುವುದು ಮೆದುಳು. ಅಂಡಾಶಯವೇ ಸರಿಯಾಗಿ ಬೆಳೆಯದ ಟರ್ನರ್ ಸಿಂಡ್ರೋಮಿನ ಮಕ್ಕಳಲ್ಲೂ ಐದಾರು ವರ್ಷದಿಂದ ಹತ್ತು ವರ್ಷದವರೆಗೆ ಎಫ್‌ಎಸ್‌ಎಚ್ ಇಳಿದಿರುತ್ತದೆ. 'ಸಾಕು' ಅನ್ನಲು ಕೆಳಗೆ ಯಾರೂ ಇಲ್ಲದಿದ್ದರೂ ಮೆದುಳು ತಾನೇ ಸುಮ್ಮನಿರುತ್ತದೆ ಅಂತಾಯಿತು. ಆ ತಡೆ ಬಿಡಿಸುವುದರಲ್ಲಿ ಕಿಸ್‌ಪೆಪ್ಟಿನ್ ಅನ್ನುವ ಪುಟ್ಟ ಪ್ರೋಟೀನಿನ ಪಾತ್ರ ದೊಡ್ಡದು. ಅದನ್ನು ಗ್ರಹಿಸುವ ಜೀನ್ ಕೆಟ್ಟಿರುವವರಿಗೆ ಪ್ರಾಯವೇ ಬರುವುದಿಲ್ಲ ಅಂತ 2003ರಲ್ಲಿ ಗೊತ್ತಾಯಿತು. ಮೈಯಲ್ಲಿ ಕೊಬ್ಬು ಸಾಕಷ್ಟಿದೆ ಅಂತ ಲೆಪ್ಟಿನ್ ಹಾರ್ಮೋನು ಹೇಳಬೇಕು, ಅದೂ ಒಂದು ಷರತ್ತು. ಅತಿಯಾಗಿ ಡಯಟ್ ಮಾಡುವ, ಅತಿಯಾಗಿ ಓಡುವ ಹುಡುಗಿಯರಿಗೆ ಮುಟ್ಟು ತಡವಾಗುವುದು, ಬಂದದ್ದೂ ನಿಲ್ಲುವುದು ಇದರಿಂದಲೇ.

ಮಿಡಿತ ಮೊದಲು ಶುರುವಾಗುವುದು ರಾತ್ರಿ ನಿದ್ದೆಯಲ್ಲಿ. ಹಗಲು ಟೆಸ್ಟ್ ಮಾಡಿದರೆ ಎಲ್‌ಎಚ್ ಕಡಿಮೆ, ರಾತ್ರಿ ಮಾಡಿದರೆ ಜಾಸ್ತಿ! ಹುಡುಗಿಯರಲ್ಲಿ 8ರಿಂದ 13ರ ಒಳಗೆ ಎದೆ ಮೊಗ್ಗು ಕಾಣುತ್ತದೆ, ಅದಾದ ಎರಡು ಎರಡೂವರೆ ವರ್ಷಕ್ಕೆ ಮುಟ್ಟು. ಹುಡುಗರಲ್ಲಿ 9ರಿಂದ 14ರ ಒಳಗೆ ವೃಷಣ ದೊಡ್ಡದಾಗುವುದು ಮೊದಲ ಗುರುತು, ದನಿ ಒಡೆಯುವುದು ಮೀಸೆ ಬರುವುದು ಆಮೇಲೆ. ಆರು ಎಂಟು ವರ್ಷಕ್ಕೇ ಕಂಕುಳ ವಾಸನೆ ಶುರುವಾದರೆ ಅದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಬೇರೆಯೇ ಲೆಕ್ಕ. ಇನ್ನೊಂದು ಸ್ವಾರಸ್ಯ: ಹುಡುಗರ ಎತ್ತರ ನಿಲ್ಲಿಸುವುದೂ ಈಸ್ಟ್ರೋಜನ್ನೇ. ಅವರ ಮೈಯಲ್ಲಿ ಟೆಸ್ಟೋಸ್ಟೆರಾನಿನ ಒಂದು ಪಾಲು ಈಸ್ಟ್ರೋಜನ್ ಆಗಿ ಬದಲಾಗಿ ಮೂಳೆಯ ತುದಿಯ ಬೆಳೆಯುವ ಭಾಗವನ್ನು ಮುಚ್ಚುತ್ತದೆ. ಈಸ್ಟ್ರೋಜನ್ನಿಗೆ ಮೈ ಸ್ಪಂದಿಸದ 28 ವರ್ಷದ ಒಬ್ಬ ಯುವಕನ ವಿಷಯ 1994ರಲ್ಲಿ ವರದಿಯಾಯಿತು. ಟೆಸ್ಟೋಸ್ಟೆರಾನ್ ಸರಿಯಾಗಿಯೇ ಇತ್ತು, ಎತ್ತರ 204 ಸೆಂಟಿಮೀಟರ್ ಆಗಿ ಇನ್ನೂ ಬೆಳೆಯುತ್ತಲೇ ಇದ್ದ.

ಈಗ ನಿಮ್ಮ ಮಗಳ ವಿಷಯ. ಅದಕ್ಕೆ ಒಂದು ತಿಂಗಳ ಚಕ್ರ ಹೇಗೆ ನಡೆಯುತ್ತದೆ ಅಂತ ನೋಡಲೇಬೇಕು. ಮುಟ್ಟಾದ ಮೊದಲ ದಿನಗಳಲ್ಲಿ ಎಫ್‌ಎಸ್‌ಎಚ್ ಸ್ವಲ್ಪ ಏರುತ್ತದೆ. ಮೊಟ್ಟೆಯನ್ನು ಸುತ್ತಿಕೊಂಡ ಪುಟ್ಟ ನೀರಿನ ಚೀಲಗಳು, ಅಂದರೆ ಫಾಲಿಕಲ್‌ಗಳು, ಕೆಲವು ಬೆಳೆಯಲು ಶುರು ಮಾಡುತ್ತವೆ. ಅವುಗಳಲ್ಲಿ ಒಂದು ಮುಂದೆ ಹೋಗುತ್ತದೆ. ಅದು ಬಿಡುವ ಈಸ್ಟ್ರೋಜನ್ನು ಮತ್ತು ಇನ್ಹಿಬಿನ್ ಅನ್ನುವ ಇನ್ನೊಂದು ಹಾರ್ಮೋನು ಎಫ್‌ಎಸ್‌ಎಚ್ಚನ್ನು ತಗ್ಗಿಸುತ್ತವೆ, ಉಳಿದ ಫಾಲಿಕಲ್‌ಗಳು ಉಪವಾಸ ಬಿದ್ದು ಹಿಂದುಳಿಯುತ್ತವೆ. ಇಲ್ಲಿಯವರೆಗೆ ಟ್ಯಾಂಕು ಮೋಟಾರಿನ ಲೆಕ್ಕವೇ. ಆದರೆ ಈಸ್ಟ್ರೋಜನ್ ಮಿಲಿಲೀಟರಿಗೆ ಸುಮಾರು 200 ಪಿಕೋಗ್ರಾಂ ದಾಟಿ ಸುಮಾರು ಎರಡು ದಿನ ಅಲ್ಲೇ ನಿಂತಿತು ಅನ್ನಿ, ಆಗ ಎಲ್ಲ ತಿರುವುಮುರುವು. ತುಂಬಿದ ಟ್ಯಾಂಕು ಮೋಟಾರನ್ನು ನಿಲ್ಲಿಸುವ ಬದಲು ಇನ್ನೂ ಜೋರಾಗಿ ಓಡಿಸುತ್ತದೆ. ಎಲ್‌ಎಚ್ ಒಮ್ಮೆಲೇ ಎಷ್ಟೋ ಪಟ್ಟು ಏರುತ್ತದೆ. ಆ ಏರಿಕೆ ಶುರುವಾಗಿ ಒಂದೂವರೆ ದಿನದ ಹೊತ್ತಿಗೆ ಫಾಲಿಕಲ್ ಒಡೆದು ಮೊಟ್ಟೆ ಹೊರಬರುತ್ತದೆ. ನಿನ್ನೆಯವರೆಗೆ 'ಸಾಕು' ಅನ್ನುತ್ತಿದ್ದ ಹಾರ್ಮೋನೇ ಇವತ್ತು 'ಇನ್ನೂ ಕೊಡು' ಅನ್ನುತ್ತದೆ. ಇಡೀ ಕಥೆಯಲ್ಲಿ ನನಗೆ ಇಂದಿಗೂ ಬೆರಗು ಹುಟ್ಟಿಸುವ ಭಾಗ ಇದೇ.

ಒಡೆದ ಫಾಲಿಕಲ್ ಹಾಳಾಗುವುದಿಲ್ಲ. ಅದು ಕಾರ್ಪಸ್ ಲೂಟಿಯಂ ಅನ್ನುವ ಹಳದಿ ಗಡ್ಡೆಯಾಗಿ ಪ್ರೊಜೆಸ್ಟೆರಾನ್ ತಯಾರಿಸುತ್ತದೆ. ಗರ್ಭಕೋಶದ ಒಳಪದರ ಮೆತ್ತಗೆ ಸಿದ್ಧವಾಗುತ್ತದೆ, ಮೈ ಶಾಖ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಈ ಗಡ್ಡೆಯ ಆಯುಷ್ಯ ಸುಮಾರು ಎರಡು ವಾರ. ಬಸಿರು ನಿಲ್ಲದಿದ್ದರೆ ಅದು ಸಾಯುತ್ತದೆ, ಪ್ರೊಜೆಸ್ಟೆರಾನ್ ಕುಸಿಯುತ್ತದೆ, ಒಳಪದರ ಕಳಚುತ್ತದೆ, ಅದೇ ಮುಟ್ಟು. ಮುಟ್ಟು ಹಿಂದೆ ಮುಂದೆ ಆಗುವುದು ಸಾಮಾನ್ಯವಾಗಿ ಮೊದಲರ್ಧದಿಂದ, ಎರಡನೆಯ ಅರ್ಧ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ಎಲ್ಲರಿಗೂ 14ನೇ ದಿನವೇ ಮೊಟ್ಟೆ ಬರುತ್ತದೆ ಅನ್ನುವ ಲೆಕ್ಕ ನಂಬಿ ಕೂರಬೇಡಿ.

ಹೊಸದಾಗಿ ದೊಡ್ಡವಳಾದ ಹುಡುಗಿಯಲ್ಲಿ ಆ 'ಇನ್ನೂ ಕೊಡು' ಅನ್ನುವ ತಿರುವು ಇನ್ನೂ ಪಳಗಿರುವುದಿಲ್ಲ. ಈಸ್ಟ್ರೋಜನ್ ಏರುತ್ತದೆ, ಒಳಪದರ ಬೆಳೆಯುತ್ತದೆ, ಎಲ್‌ಎಚ್ ಮಾತ್ರ ಉಕ್ಕುವುದಿಲ್ಲ. ಮೊಟ್ಟೆ ಬರಲಿಲ್ಲ ಅಂದರೆ ಪ್ರೊಜೆಸ್ಟೆರಾನೂ ಇಲ್ಲ. ಎರಡು ವಾರದ ಗಡಿಯಾರವೇ ಇಲ್ಲದ ಮೇಲೆ ಮುಟ್ಟು ತನಗೆ ತೋಚಿದಾಗ ಬರುತ್ತದೆ. ಮೊದಲ ವರ್ಷ ಇದು ಸಹಜ. ಅದಾದ ಮೇಲೆ 21ರಿಂದ 45 ದಿನಕ್ಕೊಮ್ಮೆ ಬರಬೇಕು. ಯಾವಾಗಲಾದರೂ 90 ದಿನ ದಾಟಿತು, ಏಳು ದಿನಕ್ಕಿಂತ ಜಾಸ್ತಿ ಹೋಯಿತು, ಒಂದೆರಡು ಗಂಟೆಗೇ ಪ್ಯಾಡ್ ಪೂರ್ತಿ ನೆನೆಯುತ್ತಿದೆ, ಸುಸ್ತಾಗಿ ಮುಖ ಬಿಳಚಿಕೊಂಡಿದೆ ಅಂದರೆ ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ತಾರೀಖು ಬರೆದಿಡುವುದನ್ನು ಅವಳಿಗೇ ಕಲಿಸಿ. ಈಗಲೇ ಹಾರ್ಮೋನ್ ಪ್ಯಾನೆಲ್ ಮಾಡಿಸಿ ಆ ಹುಡುಗಿಗೆ ಪಿಸಿಒಎಸ್ ಅನ್ನುವ ಹಣೆಪಟ್ಟಿ ಹಚ್ಚಿಸಬೇಡಿ. ಆ ವಯಸ್ಸಿನಲ್ಲಿ ಸ್ಕ್ಯಾನ್ ಮಾಡಿದರೆ ಬಹಳ ಮಕ್ಕಳ ಅಂಡಾಶಯದಲ್ಲಿ ತುಂಬಾ ಫಾಲಿಕಲ್ ಕಾಣುತ್ತವೆ, ಅದು ಕಾಯಿಲೆ ಅಲ್ಲ.

ಗರ್ಭ ನಿಂತರೆ ಏನಾಗುತ್ತದೆ ಅನ್ನುವುದನ್ನು ನೀವು ಅನುಭವಿಸಿದ್ದೀರಿ, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ. ಭ್ರೂಣ ಎಚ್‌ಸಿಜಿ ಅನ್ನುವ ಹಾರ್ಮೋನು ಬಿಡುತ್ತದೆ. ಅದು ಎಲ್‌ಎಚ್‌ನ ಹತ್ತಿರದ ಸಂಬಂಧಿ, ಹಾಗಾಗಿ ಸಾಯಬೇಕಿದ್ದ ಹಳದಿ ಗಡ್ಡೆ ಬದುಕುತ್ತದೆ. ಮನೆಯಲ್ಲಿ ಮಾಡುವ ಬಸಿರಿನ ಟೆಸ್ಟ್ ಹುಡುಕುವುದು ಇದನ್ನೇ. ಮೊದಮೊದಲು ಎರಡು ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತದೆ, ಎಂಟರಿಂದ ಹತ್ತು ವಾರದ ಹೊತ್ತಿಗೆ ತುದಿ ಮುಟ್ಟಿ ಇಳಿಯುತ್ತದೆ. ಅಷ್ಟರಲ್ಲಿ ಪ್ರೊಜೆಸ್ಟೆರಾನ್ ಕೆಲಸವನ್ನು ಮಾಸು ವಹಿಸಿಕೊಂಡಿರುತ್ತದೆ. ಮಾಸು ಈಸ್ಟ್ರೋಜನ್ನನ್ನು ಒಂಟಿಯಾಗಿ ಮಾಡಲಾರದು. ಅದಕ್ಕೆ ಬೇಕಾದ ಕಚ್ಚಾ ಸಾಮಾನನ್ನು ಬಹುಪಾಲು ಒದಗಿಸುವುದು ಹೊಟ್ಟೆಯೊಳಗಿನ ಮಗುವಿನ ಅಡ್ರಿನಲ್ ಗ್ರಂಥಿ. ತಾಯಿಯ ಹಾರ್ಮೋನು ಅಂತ ನಾವು ಕರೆಯುವುದರಲ್ಲಿ ಮಗುವಿನ ಪಾಲೂ ಇದೆ ಅಂತಾಯಿತು. ಹೆರಿಗೆಯಲ್ಲಿ ಮತ್ತೊಮ್ಮೆ 'ಇನ್ನೂ ಕೊಡು' ಅನ್ನುವ ಆಟ. ಮಗುವಿನ ತಲೆ ಒತ್ತಿದಷ್ಟೂ ಗರ್ಭಕೋಶವನ್ನು ಹಿಂಡಿಸುವ ಆಕ್ಸಿಟೋಸಿನ್ ಹಾರ್ಮೋನು, ಆಕ್ಸಿಟೋಸಿನ್ ಬಂದಷ್ಟೂ ನೋವು. ಮಾಸು ಹೊರಬಿದ್ದ ಮೇಲೆ ಈಸ್ಟ್ರೋಜನ್, ಪ್ರೊಜೆಸ್ಟೆರಾನ್ ಧಡಾರನೆ ಇಳಿಯುತ್ತವೆ. ಹಾಲು ತಯಾರಿಸುವ ಪ್ರೊಲಾಕ್ಟಿನ್ ಹಾರ್ಮೋನು ತಿಂಗಳುಗಳಿಂದ ಏರಿಯೇ ಇತ್ತು, ಇವೆರಡು ಅದರ ಕೆಲಸವನ್ನು ತಡೆದಿದ್ದವು. ಎರಡು ಮೂರು ದಿನಕ್ಕೆ ಹಾಲು ತುಂಬಿ ಬರುವುದು ಅದಕ್ಕೇ. ಹಾಲೂಡಿಸುವಾಗ ಜಿಎನ್‌ಆರ್‌ಎಚ್ ಮಿಡಿತ ಮಂಕಾಗುತ್ತದೆ. ಮಗುವಿಗೆ ಆರು ತಿಂಗಳು ತುಂಬಿಲ್ಲ, ಹಗಲು ರಾತ್ರಿ ಎದೆಹಾಲೇ ಕೊಡುತ್ತಿದ್ದಾರೆ, ಮುಟ್ಟು ವಾಪಸ್ ಬಂದಿಲ್ಲ, ಈ ಮೂರೂ ಒಟ್ಟಿಗೆ ಇದ್ದರೆ ಮತ್ತೆ ಬಸಿರಾಗದಂತೆ ಸುಮಾರು 98 ಶೇಕಡಾ ರಕ್ಷಣೆ ಇರುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಲೆಕ್ಕ ಕೆಟ್ಟಿತು.

ಇನ್ನು ತಮ್ಮ. ಗಂಡಸಿನಲ್ಲಿ ಎಲ್‌ಎಚ್ ವೃಷಣದ ಲೇಡಿಗ್ ಕೋಶಗಳಿಂದ ಟೆಸ್ಟೋಸ್ಟೆರಾನ್ ತೆಗೆಸುತ್ತದೆ. ಎಫ್‌ಎಸ್‌ಎಚ್ ಸೆರ್ಟೋಲಿ ಕೋಶಗಳನ್ನು ಎಬ್ಬಿಸಿ ವೀರ್ಯಾಣು ಬೆಳೆಸುತ್ತದೆ. ವೀರ್ಯಾಣು ಬೆಳೆಯಲು ವೃಷಣದ ಒಳಗೆ ಟೆಸ್ಟೋಸ್ಟೆರಾನ್ ರಕ್ತದಲ್ಲಿ ಇರುವುದಕ್ಕಿಂತ ಹತ್ತಾರು ಪಟ್ಟು ಜಾಸ್ತಿ ಇರಬೇಕು. ಅದು ಅಲ್ಲೇ ತಯಾರಾಗುವುದರಿಂದ ಸಾಧ್ಯ, ತೋಳಿಗೋ ಸೊಂಟಕ್ಕೋ ಚುಚ್ಚಿದ್ದು ಅಲ್ಲಿ ಆ ಮಟ್ಟ ಮುಟ್ಟುವುದಿಲ್ಲ. ಚುಚ್ಚಿದಾಗ ರಕ್ತದಲ್ಲಿ ಮಟ್ಟ ಏರುತ್ತದೆ, ಮೆದುಳು 'ಸಾಕಾಯಿತು' ಅಂತ ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ನಿಲ್ಲಿಸುತ್ತದೆ. ವೃಷಣ ಕೆಲಸ ಬಿಟ್ಟು ಸಣ್ಣದಾಗುತ್ತದೆ. ಹೊರಗೆ ತೋಳು ದಪ್ಪ, ರಿಪೋರ್ಟಿನಲ್ಲಿ ಟೆಸ್ಟೋಸ್ಟೆರಾನ್ ಭರ್ಜರಿ, ವೀರ್ಯ ಪರೀಕ್ಷೆಯಲ್ಲಿ ಸೊನ್ನೆ! ವಿಶ್ವ ಆರೋಗ್ಯ ಸಂಸ್ಥೆ ಇದೇ ಇಂಜೆಕ್ಷನ್ನನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿತು. ವಾರಕ್ಕೊಂದು ಇಂಜೆಕ್ಷನ್ ತೆಗೆದುಕೊಂಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ವೀರ್ಯಾಣು ಆರು ತಿಂಗಳೊಳಗೆ ಸೊನ್ನೆಗೆ ಇಳಿದಿತ್ತು. ಮಗು ಬೇಡ ಅನ್ನುವವರಿಗೆ ಪರೀಕ್ಷಿಸಿದ ಔಷಧಿಯನ್ನು ಮಗು ಬೇಕು ಅನ್ನುವವರು ದುಡ್ಡು ಕೊಟ್ಟು ತೆಗೆದುಕೊಳ್ಳುವುದು ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ.

ಸಮಾಧಾನ ಏನೆಂದರೆ ಬಹಳ ಜನರಲ್ಲಿ ಇದು ಸರಿಹೋಗುತ್ತದೆ, ಆದರೆ ನಿಧಾನಕ್ಕೆ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಹೊರಬರಲು ಇನ್ನೂ ಒಂದೆರಡು ವಾರ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ, ಕೆಲವರಿಗೆ ಎರಡು ವರ್ಷವೂ ಹಿಡಿಯುತ್ತದೆ. ನಿಲ್ಲಿಸಿದ ಮೊದಲ ತಿಂಗಳುಗಳಲ್ಲಿ ಸುಸ್ತು, ಮಂಕು, ಆಸಕ್ತಿ ಇಲ್ಲದಿರುವುದು ಇವೆಲ್ಲ ಬರಬಹುದು. ಅದಕ್ಕೆ ಹೆದರಿಯೇ ಮತ್ತೆ ಚುಚ್ಚಿಸಿಕೊಳ್ಳುವವರಿದ್ದಾರೆ. ಯೂರಾಲಜಿಸ್ಟ್ ಅಥವಾ ಎಂಡೊಕ್ರೈನಾಲಜಿಸ್ಟ್ ಹತ್ತಿರ ಹೋಗಿ, ಏನೇನು ತೆಗೆದುಕೊಂಡೆ ಅಂತ ಮುಚ್ಚಿಡದೆ ಹೇಳಲಿ. ಎಚ್‌ಸಿಜಿ, ಕ್ಲೋಮಿಫೀನ್ ಥರದ ಔಷಧಿಗಳಿಂದ ವೃಷಣವನ್ನು ಮತ್ತೆ ಎಬ್ಬಿಸಲು ಆಗುತ್ತದೆ. ಮುಂದೆ ಟೆಸ್ಟೋಸ್ಟೆರಾನ್ ಟೆಸ್ಟ್ ಮಾಡಿಸುವುದಾದರೆ ಬೆಳಗ್ಗೆ ಹತ್ತರೊಳಗೆ, ಬೇರೆ ಬೇರೆ ಎರಡು ದಿನ. ಯುವಕರಲ್ಲಿ ಅದು ಬೆಳಗ್ಗೆ ಏರಿ ಸಂಜೆಗೆ ಇಳಿಯುತ್ತದೆ. ಸಂಜೆ ಐದಕ್ಕೆ ರಕ್ತ ಕೊಟ್ಟು 'ಕಡಿಮೆ ಇದೆ' ಅಂತ ಹೆದರಿದವರು ಬೇಕಾದಷ್ಟು ಜನ. ವಯಸ್ಸಾದಂತೆ ಗಂಡಸಿನಲ್ಲಿ ಇದು ವರ್ಷಕ್ಕೆ ಒಂದು ಶೇಕಡಾದಷ್ಟು ಇಳಿಯುತ್ತದೆ, ಹೆಂಗಸಿನ ಥರ ಒಂದು ಕಾಲಕ್ಕೆ ನಿಂತುಹೋಗುವುದಿಲ್ಲ.

ಕೊನೆಗೆ ನೀವು. ನಿಮ್ಮ ಅಂಡಾಶಯದಲ್ಲಿ ಈಗ ಉಳಿದಿರುವ ಫಾಲಿಕಲ್‌ಗಳು ಕೆಲವೇ ಸಾವಿರ ಇರಬಹುದು, ಮುಟ್ಟು ನಿಲ್ಲುವ ಹೊತ್ತಿಗೆ ಸಾವಿರದ ಆಸುಪಾಸು. ಕಡಿಮೆ ಫಾಲಿಕಲ್ ಅಂದರೆ ಕಡಿಮೆ ಇನ್ಹಿಬಿನ್. 'ಸಾಕು' ಅನ್ನುವ ದನಿ ಕ್ಷೀಣಿಸಿತು ಅಂತ ಪಿಟ್ಯುಟರಿ ಎಫ್‌ಎಸ್‌ಎಚ್ ಏರಿಸುತ್ತದೆ. ನಿಮ್ಮ 34 ಬಂದದ್ದು ಹೀಗೆ. ಅಷ್ಟು ಕೂಗಿದ ಮೇಲೆ ಒಂದು ಫಾಲಿಕಲ್ ಎದ್ದು ಈಸ್ಟ್ರೋಜನ್ ಬಿಟ್ಟಿತು, ಕೆಲವೊಮ್ಮೆ ಇಪ್ಪತ್ತರ ಹರೆಯದಲ್ಲಿ ಬಿಡುತ್ತಿದ್ದುದಕ್ಕಿಂತ ಜಾಸ್ತಿಯೇ, ಎಫ್‌ಎಸ್‌ಎಚ್ ಇಳಿಯಿತು. 8 ಬಂತು. ಮುಂದಿನ ತಿಂಗಳು ಮತ್ತೆ ಯಾರೂ ಏಳದಿದ್ದರೆ ಮತ್ತೆ ಏರಿಕೆ. ಮಗಳಲ್ಲಿ ಫಾಲಿಕಲ್ ಲಕ್ಷಗಟ್ಟಲೆ ಇವೆ, ಮೇಲಿನ ಮಿಡಿತ ಇನ್ನೂ ಹೊಂದಿಕೊಂಡಿಲ್ಲ. ನಿಮ್ಮಲ್ಲಿ ಮೇಲೆ ಎಲ್ಲ ಸರಿ ಇದೆ, ಕೆಳಗೆ ದಾಸ್ತಾನು ಮುಗಿಯುತ್ತಿದೆ. ಹೊರಗಿನಿಂದ ನೋಡಿದರೆ ಇಬ್ಬರಿಗೂ ಎರಡು ತಿಂಗಳಿಗೊಮ್ಮೆ ಮುಟ್ಟು, ಅಷ್ಟೇ.

ಹಾಗಾಗಿ 45 ದಾಟಿದವರಲ್ಲಿ, ಇಂಥ ಲಕ್ಷಣ ಇದ್ದರೆ, ಎಫ್‌ಎಸ್‌ಎಚ್ ಟೆಸ್ಟ್ ಸಾಮಾನ್ಯವಾಗಿ ಬೇಕಿಲ್ಲ. ಗರ್ಭನಿರೋಧಕ ಮಾತ್ರೆ ತಿನ್ನುವವರಲ್ಲಂತೂ ಅದರಿಂದ ದಾರಿ ತಪ್ಪುವುದೇ ಹೆಚ್ಚು. ಎರಡು ಮುಟ್ಟಿನ ನಡುವೆ 60 ದಿನ ದಾಟಲು ಶುರುವಾಯಿತು ಅಂದರೆ ಕೊನೆಯ ಮುಟ್ಟಿಗೆ ಸಾಮಾನ್ಯವಾಗಿ ಇನ್ನು ಒಂದರಿಂದ ಮೂರು ವರ್ಷ. ಬೇಕಾದರೆ ಥೈರಾಯ್ಡ್ ಒಮ್ಮೆ ನೋಡಿಸಿ. ಅದು ಕೈಕೊಟ್ಟರೂ ಪ್ರೊಲಾಕ್ಟಿನ್ ಏರಿ ಮುಟ್ಟು ಕೆಡುತ್ತದೆ. ಹಿಮೋಗ್ಲೋಬಿನ್ ಕೂಡ ನೋಡಿಸಿ, ಮೊಟ್ಟೆ ಬರದ ತಿಂಗಳು ಒಳಪದರ ದಪ್ಪವಾಗಿ ರಕ್ತ ಧಾರಾಳ ಹೋಗುತ್ತದೆ.

ರಾತ್ರಿಯ ಬಿಸಿ ನಿಮ್ಮ ಕಲ್ಪನೆಯಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ. ಹೈಪೋಥಲಾಮಸ್‌ನಲ್ಲಿ ಜಿಎನ್‌ಆರ್‌ಎಚ್ ಮಿಡಿತ ಹೊಡೆಸುವ ನರಕೋಶಗಳಿಗೂ ಮೈ ಶಾಖ ಕಾಯುವ ಜಾಗಕ್ಕೂ ನೇರ ಸಂಪರ್ಕ ಇದೆ. ಈಸ್ಟ್ರೋಜನ್ ಇಳಿದಾಗ ಆ ನರಕೋಶಗಳು ಉಬ್ಬಿ ಅತಿಯಾಗಿ ಚುರುಕಾಗುತ್ತವೆ, ಶಾಖ ಸ್ವಲ್ಪ ಏರಿದರೂ ಮೈ ಬೆವರು ಸುರಿಸುತ್ತದೆ. ಇದೇ ದಾರಿಯನ್ನು ತಡೆಯುವ ಫೆಝೊಲಿನೆಟಾಂಟ್ ಅನ್ನುವ, ಹಾರ್ಮೋನ್ ಅಲ್ಲದ ಮಾತ್ರೆಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹಾರ್ಮೋನ್ ಚಿಕಿತ್ಸೆ ಇವತ್ತಿಗೂ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. 2002ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಿಂದ ಜನ ಅದಕ್ಕೆ ಹೆದರಿ ದೂರ ಸರಿದರು, ಆದರೆ ಅದರಲ್ಲಿದ್ದವರ ಸರಾಸರಿ ವಯಸ್ಸು 63. ಅರುವತ್ತರ ಒಳಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷದ ಒಳಗೆ ಶುರು ಮಾಡುವವರಲ್ಲಿ ಬಹುಪಾಲು ಜನರಿಗೆ ಲಾಭವೇ ಜಾಸ್ತಿ, ಮೂಳೆಗೂ ಒಳ್ಳೆಯದು. ಸ್ತನ ಕ್ಯಾನ್ಸರ್ ಆದವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರು, ಲಿವರ್ ತೊಂದರೆ ಇರುವವರು ಇದಕ್ಕೆ ಕೈ ಹಾಕಬಾರದು. ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಳ್ಳಬಾರದು. ಪ್ರೊಜೆಸ್ಟೆರಾನ್ ಜೊತೆಗಿರಲೇಬೇಕು, ಇಲ್ಲದಿದ್ದರೆ ಒಳಪದರದ ಕ್ಯಾನ್ಸರ್ ಅಪಾಯ ಏರುತ್ತದೆ.

ಒಂದು ಮಾತು ಮರೆಯಬೇಡಿ. ಆ 8 ಬಂದ ತಿಂಗಳು ನಿಮಗೆ ಮೊಟ್ಟೆ ಬಂದಿರಲೂಬಹುದು. ಅಂದರೆ ಬಸಿರಾಗುವ ಸಾಧ್ಯತೆ ಇನ್ನೂ ಇದೆ, ಮುಟ್ಟು ತಡವಾದಾಗ ಮೊದಲು ಮಾಡಬೇಕಾದ್ದು ಬಸಿರಿನ ಟೆಸ್ಟೇ. ಮುಟ್ಟು 50ರ ಒಳಗೇ ನಿಂತರೆ ಕೊನೆಯ ಮುಟ್ಟಿನಿಂದ ಎರಡು ವರ್ಷ, 50 ದಾಟಿ ನಿಂತರೆ ಒಂದು ವರ್ಷ ಗರ್ಭನಿರೋಧಕ ಮುಂದುವರಿಸಿ. ಪೂರ್ತಿ 12 ತಿಂಗಳು ಮುಟ್ಟಿಲ್ಲದೆ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ 'ಮತ್ತೆ ಶುರುವಾಯಿತೇನೋ' ಅಂತ ಕಾಯಬೇಡಿ, ಆ ವಾರವೇ ಡಾಕ್ಟರಿಗೆ ತೋರಿಸಿ.